ಹೆಬ್ಬೆಟ್ಟು

ಮಾಸ್ತಿಸ್ ಸರೋವರದ ದಂಡೆಯ ಬೆಂಚಿನ ಮೇಲೆ
ಇವತ್ತೂ ಅದೇ ಫೈನಲ್ಲು.
ಜೆರೊನಿಮಾಸನ ಟೊಪ್ಪಿ ಬುಟ್ಟಿ,
ಒಣಮೀನಿನ ತಲೆ ಪ್ಲುಂಗೆಯವರ ಆ ಉದ್ದನೆಯ ಆಳು,
ಉಪ್ಪಿನ ಡಬ್ಬಿ ನಮ್ಮ ರಾಪೋಲಾಸ್,
ಬಿಯರ್ ಬಾಟಲಿಯ ಮುಚ್ಚಳ ಚೆಂಡು.
ಐವತ್ತೊಂದು ವರ್ಷವಾಯಿತು,
ಆ ಮುಚ್ಚಳ ಇನ್ನೂ ಗಾಳಿಯಲ್ಲೇ ಇದೆ.

ಹಾರ್ನು ಭೋಂ ಎನ್ನುವ ಮೊದಲೇ ಚೆಂಡು ಕೈ ಬಿಟ್ಟಿತ್ತು ಅಂತ ಒಬ್ಬ,
ಇಲ್ಲ, ಉಗುರಿಗೆ ಇನ್ನೂ ಅಂಟಿಕೊಂಡಿತ್ತು ಅಂತ ಇನ್ನೊಬ್ಬ.
ಉಗುರು ಕೈಯೋ ಅಲ್ಲವೋ ಅಂತ ಒಂದು ಗಂಟೆ.
ಕೂದಲು ಸೀಳಿ, ಸೀಳಿದ್ದನ್ನು ಮತ್ತೆ ಸೀಳಿ
ಕೊನೆಗೆ ಎಲ್ಲರೂ ಒಪ್ಪುವ ಮಾತು ಒಂದೇ:
ರೆಫರಿ ಸ್ತುಲ್ಪಿನಾಸ್ ತಿಂದಿದ್ದ.

ನಮ್ಮ ತೆಲ್ಶೆಯ್ ಊರಿನವನೇ, ನಮ್ಮ ಕಪ್ಪುರೊಟ್ಟಿ ಉಂಡವನೇ
ನಮ್ಮ ಬುಟ್ಟಿಗೇ ಅಡ್ಡಗೈ ಬೀಸಿದನಲ್ಲ!
ಅರವತ್ತು, ಅರವತ್ತೊಂದು.
ಮರುವಸಂತಕ್ಕೆ ಅವನ ಕಿಟಕಿಗೆ ಹೊಸ ಪರದೆ ಬಂತು,
ಅಗಸೆನಾರಿನದು.
ಅಗಸೆನಾರಿನ ಗಿರಣಿ ಇರುವುದು ಪ್ಲುಂಗೆಯಲ್ಲಿ.
ಇನ್ನೇನು ಸಾಕ್ಷಿ ಬೇಕು?

ಆ ಪರದೆ, ಅವನ ಹೆಂಡತಿ ಝುಜಾನಾ
ತವರಿನ ಮೇಜುಹಾಸು ಕತ್ತರಿಸಿ ಹೊಲಿದದ್ದು.
ಹೊಲಿಗೆ ಯಂತ್ರ ನನ್ನದು.
ಯಾರೂ ಕೇಳಲಿಲ್ಲ.

ನನ್ನನ್ನು ಯಾರೂ ಏನೂ ಕೇಳಲಿಲ್ಲ.
ಗೋಡೆಯ ಗಡಿಯಾರ ಚಳಿಗೆ ಸತ್ತಿತ್ತು ಆ ರಾತ್ರಿ.
ಡೇರಿಯಲ್ಲಿ ಹಾಲಿನ ಕೊಬ್ಬು ಅಳೆಯುವ ಹುಡುಗಿ,
ಹತ್ತೊಂಬತ್ತು ವಯಸ್ಸು, ಕೈ ನಡುಗುವುದಿಲ್ಲ ಅಂತ
ನನ್ನ ಹೆಬ್ಬೆಟ್ಟಿನ ಕೆಳಗೆ ಸ್ಟಾಪ್‌ವಾಚ್ ಇಟ್ಟರು,
ಎಡಗೈಗೆ ಹಾರ್ನು.
ನಾಲ್ಕು ಸೆಕೆಂಡು ಉಳಿದಿತ್ತು.
ನಿಯಮ ಗೊತ್ತಿತ್ತು ನನಗೆ: ಗೆರೆಯಾಚೆಯಿಂದ ಎಸೆದ ಚೆಂಡು
ಒಳಗಿನವನ ಕೈ ಸೋಕಿದಾಗ ಒತ್ತಬೇಕು,
ಎಸೆದಾಗ ಅಲ್ಲ.

ಎಸೆದಾಗಲೇ ಒತ್ತಿದೆನೇ?
ಮೇಜಿನಂಚಿನ ಮೇಲೆ, ದಿಂಬಿನ ಮೇಲೆ,
ಮಗುವಿನ ಅಂಗಾಲಿನ ಮೇಲೆ
ಒತ್ತಿ ಒತ್ತಿ ನೋಡಿದ್ದೇನೆ.
ಕೆಲವು ರಾತ್ರಿ ಸರಿಯಾಗಿ ಒತ್ತುತ್ತೇನೆ.
ಕೆಲವು ರಾತ್ರಿ ಬೇಗ, ರೆಪ್ಪೆಯಷ್ಟು ಬೇಗ.
ಹೆಬ್ಬೆಟ್ಟೆಂದರೆ ಓದು ಬಾರದವರ ಸಹಿ.
ನನ್ನದು ಅಂದು ಏನು ಬರೆಯಿತೋ
ಓದು ಬಂದೂ ನನಗೆ ತಿಳಿದಿಲ್ಲ.

ಸ್ತುಲ್ಪಿನಾಸ್ ಮೇಜಿನ ಹತ್ತಿರ ಬಂದ,
ಅಂಗಿ ಬೆನ್ನಿಗೆ ಅಂಟಿತ್ತು.
"ದಾನ್ಗುವೊಲೆ, ಸರಿಯಾಗಿತ್ತಾ?"
ತಲೆ ಆಡಿಸಿದೆ.
ಅವನು ತಿರುಗಿ, ಇಡೀ ಊರಿನ ಮುಂದೆ
ಎರಡೂ ಕೈ ಅಡ್ಡ ಬೀಸಿದ.

ಆಮೇಲೆ ನಲವತ್ತು ವರ್ಷ
ಡೇರಿಯ ಅಂಗಡಿಯಲ್ಲಿ, ನನ್ನ ಕೈಯಿಂದಲೇ
ಅರ್ಧ ಕಿಲೋ ಗಿಣ್ಣು ಕೊಂಡ.
ತೂಗಿದ ಮೇಲೆ ನಾನೊಂದು ಚೂರು ಹೆಚ್ಚಿಗೆ ಹಾಕುವೆ,
ಅವನು ಆ ಚೂರನ್ನು ಎರಡು ಬೆರಳಲ್ಲಿ ಎತ್ತಿ
ತಕ್ಕಡಿಗೇ ಮರಳಿಸುವ.
ತುಟಿ ಪಿಟಕ್ಕೆನ್ನಲಿಲ್ಲ,
ಕಿಟಕಿಗೆ ಕಲ್ಲು ಬಿದ್ದ ವಾರವೂ.
ಅವನ ಶವದ ಹಿಂದೆ ನಡೆದವರು ಹನ್ನೊಂದು ಜನ,
ಅದರಲ್ಲಿಬ್ಬರು ಪ್ಲುಂಗೆಯವರು.
ನೋಡಿದಿರಾ, ಅಂದಿತು ಬೆಂಚು.

ಹೋದ ಶನಿವಾರ ಅಲ್ಲೇ ನಿಂತು ಹೇಳಿಬಿಟ್ಟೆ:
ತಪ್ಪಾಗಿದ್ದರೆ ಅದು ಈ ಹೆಬ್ಬೆಟ್ಟಿನದು.
ಮೂವರೂ ತಲೆಯೆತ್ತಿದರು.
"ನೀನು ವಾಚು ನೋಡುತ್ತಿದ್ದೆ ಕಣಮ್ಮ,"
ಅಂದ ಪ್ರಾನಾಸ್, ಕನಿಕರದಿಂದ,
"ಆಟ ನೋಡಿದವರು ನಾವು."
ರಾಪೋಲಾಸ್ (ಈಗ ಅವನಿಗೆ ಊರುಗೋಲು)
ನನ್ನ ಕೈ ಹಿಡಿದು, ಹೆಬ್ಬೆಟ್ಟು ತಿರುಗಿಸಿ ನೋಡಿ
"ಎಷ್ಟು ಚಿಕ್ಕದು" ಅಂದ.
ಆಮೇಲೆ ಉಪ್ಪಿನ ಡಬ್ಬಿ ಎತ್ತಿ
ಮೀನಿನ ತಲೆಯ ಎಡಕ್ಕೆ ಒಂದಂಗುಲ ಸರಿಸಿದ:
"ನಾನು ಇಲ್ಲಿದ್ದೆ. ಅಲ್ಲಲ್ಲ. ಇಲ್ಲಿ."

ಮತ್ತೆ ಶುರುವಾಯಿತು.